ಬಾರ್‌ನ ಇಂಚು ನೋಡಿ ಚೈನ್‌ಸಾಗೆ ಚೈನು ಕೊಳ್ಳಬೇಡಿ

ಚೈನ್‌ಸಾಗೆ ಹೊಸ ಚೈನು ಹಾಕಿಸಲು ಹೊರಟವರು, ಅದರಲ್ಲೂ ಯಂತ್ರವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು, ‘ಇಪ್ಪತ್ತು ಇಂಚಿನ ಮೆಷಿನ್‌ಗೆಲ್ಲ ಇದೇ ಚೈನು’ ಎಂಬ ಅಂಗಡಿಯ ಮಾತನ್ನು ದಯವಿಟ್ಟು ನಂಬಬೇಡಿ.

ನಮ್ಮ ಕಾಫಿ ತೋಟದಲ್ಲಿ ಮರಗಸಿಗೆ (ನೆರಳಿನ ಮರಗಳ ಕೊಂಬೆ ಸವರಲು) ಬಳಸುವ 58 ಸಿಸಿ ಯಂತ್ರದ ಬಾರ್ (ಚೈನು ಸುತ್ತುವ ಚಪ್ಪಟೆ ಪಟ್ಟಿ; ಇಂಚಿನ ಲೆಕ್ಕ ಇದರ ಉದ್ದದ್ದು) ಮೇಲಿನ ಬರಹ ಪೂರ್ತಿ ಸವೆದುಹೋಗಿದೆ. ಹಳೆಯ ಚೈನನ್ನೇ ಅಂಗಡಿಗೆ ಒಯ್ದಿದ್ದರೂ ಅಲ್ಲಿನವರು ಕೊಂಡಿಗಳನ್ನು ಎಣಿಸಿ, ಉದ್ದ ಸರಿಹೊಂದುವಂತೆ ರೋಲ್‌ನಿಂದ ಕತ್ತರಿಸಿ, ರಿವೆಟ್ ಹೊಡೆದು ಕೊಟ್ಟರೇ ಹೊರತು ದಪ್ಪವನ್ನು ಅಳೆಯಲಿಲ್ಲ. ಆ ಚೈನು ಅದನ್ನು ತಿರುಗಿಸುವ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟ್‌ಗೆ, ಸರಿಯಾಗಿಯೇ ಕೂತಿತು, ಕೈಯಲ್ಲಿ ಎಳೆದರೆ ಸಲೀಸಾಗಿ ಸುತ್ತಿತು. ಆದರೆ ಸಿಲ್ವರ್ ಓಕ್ ದಿಮ್ಮಿಗೆ ಇಟ್ಟಾಗ ಕೊಯ್ತ ನೇರವಾಗಿ ಇಳಿಯದೆ ಒಂದು ಬದಿಗೆ ವಾಲತೊಡಗಿತು. ಹೊಸ ಚೈನಾದ್ದರಿಂದ ಹಲ್ಲು ಮೊಂಡಾಗಿದೆ ಎನ್ನುವಂತೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ, ಕೊಯ್ಯುತ್ತಿರುವಾಗಲೇ, ಚೈನು ಬಾರ್ ಬಿಟ್ಟು ಹಾರಿತು. ಬಾರ್‌ನ ಬುಡದಲ್ಲಿರುವ ಚೈನ್ ಕ್ಯಾಚರ್ ಅದನ್ನು ತಡೆಯದಿದ್ದರೆ ಯಂತ್ರ ಹಿಡಿದಿದ್ದವರಿಗೆ ದೊಡ್ಡ ಗಾಯವೇ ಆಗುತ್ತಿತ್ತು.

ಆಮೇಲೆ ವರ್ಕ್‌ಶಾಪಿನಲ್ಲಿ ವರ್ನಿಯರ್ ಇಟ್ಟು ನೋಡಿದಾಗ, ಬಾರ್‌ನ ತೋಡಿನೊಳಗೆ ಇಳಿಯುವ ಡ್ರೈವ್ ಲಿಂಕ್ ಹಳೆಯ ಚೈನಿನಲ್ಲಿ 1.5 ಮಿ.ಮೀ. ಇದ್ದರೆ ಹೊಸದರಲ್ಲಿ 1.3 ಮಿ.ಮೀ. ಮಾತ್ರ ಇತ್ತು. ಗೇಜ್ ಎಂದರೆ ಈ ದಪ್ಪವೇ. ಪಿಚ್ (ರಿವೆಟ್‌ಗಳ ನಡುವಿನ ಸರಾಸರಿ ಅಂತರ) ತಪ್ಪಿದರೆ ಚೈನು ಸ್ಪ್ರಾಕೆಟ್ ಮೇಲೆ ಕೂರುವುದೇ ಇಲ್ಲ, ಕೊಂಡಿಗಳ ಸಂಖ್ಯೆ ತಪ್ಪಿದರೆ ಬಿಗಿ ಮಾಡಲಾಗುವುದಿಲ್ಲ, ಗೇಜ್ ಹೆಚ್ಚಾದರೆ ತೋಡಿಗೆ ಇಳಿಯುವುದಿಲ್ಲ; ಗೇಜ್ ಕಡಿಮೆಯಾಗಿ ಚೈನು ತೋಡಿನಲ್ಲಿ ಸಡಿಲವಾದದ್ದು ಮಾತ್ರ ಎಂಜಿನ್ ಓಡುವವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಅಪಾಯದ ತಪ್ಪು ಇದೇ ಎಂಬುದು ನನ್ನ ಅಭಿಪ್ರಾಯ.

ಗುರುತು ಸಿಗದ ಚೈನಿನ ಪಿಚ್ ತಿಳಿಯಲು ಸಾಲಾಗಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಎರಡರಿಂದ ಭಾಗಿಸಬೇಕು: ಭಾಗಿಸುವ ಮೊದಲಿನ ಅಂತರ ಸುಮಾರು 16.5 ಮಿ.ಮೀ. ಇದ್ದರೆ ಅದು 0.325 ಇಂಚಿನ ಪಿಚ್, 19ಕ್ಕೆ ಸಮೀಪವಿದ್ದರೆ 3/8 ಇಂಚಿನದು. ಅನಂತರ ಡ್ರೈವ್ ಲಿಂಕ್‌ಗಳನ್ನು ಒಂದೊಂದಾಗಿ ಎಣಿಸಬೇಕು, ಏಕೆಂದರೆ 20 ಇಂಚು ಎಂದು ಕರೆಯುವ ಬಾರ್‌ಗಳಲ್ಲೇ 72, 76, 80 ಕೊಂಡಿಗಳ ಚೈನು ಬೇಡುವವು ಇವೆ. ಗೇಜನ್ನು ಹಳೆಯ ಚೈನಿನ ಡ್ರೈವ್ ಲಿಂಕ್‌ನಲ್ಲೇ ಅಳೆಯಿರಿ. ಬಾರ್‌ನ ತೋಡು ಸವೆದು ಅಗಲವಾಗಿರುತ್ತದೆ.

ಡ್ರೈವ್ ಲಿಂಕ್ ಮೇಲಿನ ಜಿಡ್ಡು ಒರೆಸಿದರೆ ಹಲವು ಸಲ ಅಂಕಿಯೊಂದು ಕಾಣಿಸುತ್ತದೆ. ಆರೆಗಾನ್ ಕಂಪನಿಯ ಚೈನಿನಲ್ಲಿ 20, 21, 22 ಎಂದಿದ್ದರೆ ಮೂರೂ 0.325 ಇಂಚಿನವೇ, ಆದರೆ ಗೇಜ್ ಕ್ರಮವಾಗಿ 1.3, 1.5, 1.6 ಮಿ.ಮೀ. ಸ್ಟೀಲ್ (Stihl) ಕಂಪನಿಯ ಚೈನಿನಲ್ಲಿ ಅಲ್ಲಿರುವ 3, 5, 6 ಎಂಬ ಅಂಕಿಗಳೂ ಇದೇ ಗೇಜ್‌ಗಳನ್ನು ಹೇಳುತ್ತವೆ.

ಕತ್ತರಿಸಿ ರಿವೆಟ್ ಹೊಡೆದ ಚೈನನ್ನು ನಮ್ಮಿಂದ ಆ ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಆದ್ದರಿಂದ ರೋಲ್‌ಗೆ ಕೈಹಾಕುವ ಮೊದಲೇ, ಅಂಗಡಿಯ ಮುಂದೆಯೇ, ಅದರ ತುದಿಯ ಡ್ರೈವ್ ಲಿಂಕ್‌ಗೆ ವರ್ನಿಯರ್ ಇಡಿಸಿ, ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.