ಎಲೆ ಸವರಿ ತೆಗೆದ 'ವಿ-1' ಹಿಪ್ಪುನೇರಳೆ ಸಸಿ ತಗೋಬೇಡಿ, ತೋಟವೇ ಹಾಳಾಗುತ್ತೆ

ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ರೇಷ್ಮೆ ಹುಳು ಸಾಕೋಕೆ ಹೊಸದಾಗಿ ಹಿಪ್ಪುನೇರಳೆ ಹಾಕೋರು ದಯವಿಟ್ಟು ಇದನ್ನ ಓದಿ. ಬೆಂಗಳೂರಿಗೆ ಹತ್ತಿರದ ಒಂದು ಖಾಸಗಿ ನರ್ಸರಿಯವರು ನಮಗೆ ವಿ-1 ತಳಿ ಅಂತ ದುಡ್ಡು ತಗೊಂಡು ಬೇರೆ ತಳಿ ಬೆರೆತ ಕಲಬೆರಕೆ ಸಸಿ ಕೊಟ್ಟಿದ್ದಾರೆ. ಒಂದೆಕರೆ, ಜೋಡಿ ಸಾಲು, 5 ಮತ್ತು 3 ಅಡಿ ಅಂತರ, ಗಿಡದಿಂದ ಗಿಡಕ್ಕೆ 2 ಅಡಿ: ಒಟ್ಟು 5,445 ಸಸಿ. ತಲಾ 3 ರೂಪಾಯಿಯಂತೆ 16,335 ರೂಪಾಯಿ. ಮೂರರಲ್ಲಿ ಒಂದು ಪಾಲು ವಿ-1 ಅಲ್ಲವೇ ಅಲ್ಲ.

ಮೋಸ ಆಗಿದ್ದು ಗಾಡಿಗೆ ತುಂಬೋ ಹೊತ್ತಲ್ಲಿ. "ದಾರೀಲಿ ಬಾಡುತ್ತೆ ಸಾರ್" ಅಂತ ಎಲೆಯೆಲ್ಲ ಸವರಿ, ಕಡ್ಡಿ-ಬೇರು ಮಾತ್ರ ಕಟ್ಟು ಕಟ್ಟಿ ಕೊಟ್ಟರು. ಸಾಗಿಸುವಾಗ ಎಲೆ ತೆಗೆಯೋದು ಇದ್ದದ್ದೇ, ಹಾಗಾಗಿ ಯಾರೂ ಅನುಮಾನ ಪಡಲ್ಲ. ಆದರೆ ಎಲೆ ಇಲ್ಲದ ಮೂರು ತಿಂಗಳ ಸಸಿಯಲ್ಲಿ ತಳಿ ಹೇಳೋದು ತುಂಬಾ ಕಷ್ಟ. ಸವರೋ ಮುಂಚೆ ಪಾತಿಯಲ್ಲಿ ನಿಂತು ನೋಡಬೇಕಿತ್ತು. ನೋಡಲಿಲ್ಲ. ಅಷ್ಟೇ ತಪ್ಪು, ಆದರೆ ದೊಡ್ಡ ತಪ್ಪು.

ವಿ-1 ಎಲೆ ದಪ್ಪ, ಕಡು ಹಸಿರು, ಹೊಳಪು. ಅಂಚು ಸೀಳಿರಲ್ಲ, ಕೊಂಬೆ ನೆಟ್ಟಗೆ ಏಳುತ್ತೆ. ಈ ತೋಟದಲ್ಲಿ ಚಿಗುರಿದ್ದು ನೋಡಿ: ಒಂದು ಗಿಡ ಹಾಗೇ ಇದೆ, ಪಕ್ಕದ್ದು ಎಂ-5 ಅನ್ನೋ ಇನ್ನೊಂದು ತಳಿ ಥರ ತೆಳು ಎಲೆ, ಅದರ ಪಕ್ಕದ್ದು ಬೆರಳು ಬಿಡಿಸಿದ ಹಾಗೆ ಸೀಳಿದ ನಾಟಿ ಸೊಪ್ಪು!

ಫೋನ್ ಮಾಡಿದರೆ ಮೊದಲ ಉತ್ತರ, "ಗೊಬ್ಬರ ಸಾಲ್ತಿಲ್ಲ ಸಾರ್, ವಿ-1 ಜಾಸ್ತಿ ಕೇಳುತ್ತೆ." ಎಕರೆಗೆ ವರ್ಷಕ್ಕೆ 140:56:56 ಕಿಲೋ ಲೆಕ್ಕದಲ್ಲೇ ಸಾರಜನಕ, ರಂಜಕ, ಪೊಟ್ಯಾಷ್ ಕಂತು ಮಾಡಿ ಕೊಡ್ತಿದೆ, ಕೊಟ್ಟಿಗೆ ಗೊಬ್ಬರ ಬೇರೆ. ಗೊಬ್ಬರ ಕಮ್ಮಿಯಾದರೆ ಎಲೆ ಹಳದಿ ಆಗುತ್ತೆ, ಸಣ್ಣದಾಗುತ್ತೆ, ಸೀಳಲ್ಲ. ಇದನ್ನ ಹೇಳಿದ ಮೇಲೆ, "ಮಣ್ಣಿನ ದೋಷ ಇರಬೇಕು." ಮಣ್ಣಿನ ದೋಷ ಆದರೆ ಒಂದೇ ಸಾಲಲ್ಲಿ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಮಾತ್ರ ಹೇಗೆ ಬರುತ್ತೆ? ಕೊನೆಗೆ, "ಬಿಲ್‌ನಲ್ಲಿ ವಿ-1 ಅಂತ ಇದ್ಯಾ ನೋಡಿ ಸಾರ್." ಇಲ್ಲ. 'ಹಿಪ್ಪುನೇರಳೆ ಸಸಿ' ಅಂತ ಮಾತ್ರ ಬರೆದಿದ್ದಾರೆ. ಆ ಮಾತು ಕೇಳಿದಾಗಲೇ ಗೊತ್ತಾಯ್ತು, ಇದು ಕೈತಪ್ಪಿ ಆದದ್ದಲ್ಲ.

ಸೊಪ್ಪು ಸೊಪ್ಪೇ ತಾನೆ, ಹುಳು ತಿನ್ನುತ್ತೆ ಅನ್ನೋರಿಗೆ ಹೇಳ್ತೀನಿ. ನಾವು ತಂದಿದ್ದು ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚೋ ಹೊತ್ತು) ಎದ್ದ ದ್ವಿತಳಿ ಜಾತಿಯ ಚಾಕಿ ಹುಳು, ಅಂದ್ರೆ ಎಳೆ ಹುಳು; 100 ಮೊಟ್ಟೆಯದು (ಒಂದು ಚಿಟ್ಟೆ ಇಟ್ಟ ಗುಂಪನ್ನೇ ಒಂದು ಮೊಟ್ಟೆ ಅನ್ನೋದು). ಕಲಬೆರಕೆ ಕೊಂಬೆ ಹಾಕಿದಾಗ ನೀರಿನಂಶ ಇರೋ ದಪ್ಪ ಸೊಪ್ಪು ಸಿಕ್ಕ ಹುಳು ಬೇಗ ಜ್ವರಕ್ಕೆ ಕೂರುತ್ತೆ, ತೆಳು ಸೊಪ್ಪು ಸಿಕ್ಕಿದ್ದು ಇನ್ನೂ ಮೇಯ್ತಾ ಇರುತ್ತೆ. ತೆಳು ಎಲೆ ಹುಳು ಸಾಕೋ ಸ್ಟ್ಯಾಂಡಲ್ಲಿ ಬೇಗ ಒಣಗುತ್ತೆ ಬೇರೆ. ಜ್ವರದ ಹುಳುವಿಗೆ ಹಾಸು ಒಣಗಲಿ ಅಂತ ಸೊಪ್ಪು ನಿಲ್ಲಿಸಿ ಸುಣ್ಣ ಉದುರಿಸಿದರೆ ಹಿಂದುಳಿದ ಹುಳು ಹಸಿದು ಸಾಯುತ್ತೆ; ಹಾಕಿದರೆ ಜ್ವರದ ಹುಳು ಸೊಪ್ಪಿನಡಿ ಶೆಕೆಗೆ ಸಿಕ್ಕಿಕೊಳ್ಳುತ್ತೆ. ಎರಡೂ ನಷ್ಟ. ಹುಳು ತಿನ್ನೋ ಒಟ್ಟು ಸೊಪ್ಪಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಕೊನೆಯ, ಐದನೇ ಹಂತದಲ್ಲೇ ಹೋಗೋದು, ಅಲ್ಲಿ ಸತ್ವ ತಪ್ಪಿದರೆ ರೇಷ್ಮೆ ಗ್ರಂಥಿ ತುಂಬಲ್ಲ. ಎಲ್ಲ ಒಟ್ಟಿಗೆ ಹಣ್ಣಾಗದೆ, ಮೂರು ದಿನ ಹಣ್ಣು ಹುಳು (ಗೂಡು ಕಟ್ಟೋಕೆ ಬಂದ ಹುಳು) ಆರಿಸೋದೇ ಆಯ್ತು. 65 ಕಿಲೋ ಬರಬೇಕಾದ ಕಡೆ 41 ಕಿಲೋ ಗೂಡು, ಅದೂ ತೆಳು ಗೂಡು. ಮಾರುಕಟ್ಟೆಯಲ್ಲಿ ನೂಲು ಬಿಚ್ಚೋ ರೀಲರ್ ಕೈಲಿ ಒತ್ತಿ ನೋಡಿ ಮುಂದಕ್ಕೆ ಹೋದರು.

ಸಸಿ ಕೊಳ್ಳೋದಾದರೆ ಎಲೆ ಇರುವಾಗಲೇ ಪಾತಿ ನೋಡಿ. ಕಡ್ಡಿ ಕತ್ತರಿಸಿದ ತಾಯಿ ತೋಟ ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ. ಬಿಲ್‌ನಲ್ಲಿ ತಳಿ ಹೆಸರು ಬರೆಸದೆ ಒಂದು ರೂಪಾಯಿ ಕೊಡಬೇಡಿ. ಗುರುತು ಗೊತ್ತಾಗದಿದ್ದರೆ ಒಂದು ಕೊಂಬೆ ಮುರಿದು ಬೆಂಗಳೂರಿನ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಗೆ ತಗೊಂಡು ಹೋಗಿ ತೋರಿಸಿ.

ಹಿಪ್ಪುನೇರಳೆ ಒಮ್ಮೆ ನೆಟ್ಟರೆ 15 ವರ್ಷ ನಿಲ್ಲುತ್ತೆ. ಈಗ ಸಾಲು ಸಾಲು ನಡೆದು ಸೀಳೆಲೆಯ ಗಿಡಕ್ಕೆಲ್ಲ ಕೆಂಪು ದಾರ ಕಟ್ಟಿ, ಬುಡಸಮೇತ ಕೀಳೋ ಕೆಲಸ ನಡೀತಾ ಇದೆ.