ವಾಂಡಾ ಜಾಕ್ಸನ್: ಒಂದೇ ಕಂಠದ ಕಂಟ್ರಿ ಮತ್ತು ರಾಕಬಿಲಿ

ಅಮೆರಿಕದ ಗಾಯಕಿ ವಾಂಡಾ ಜಾಕ್ಸನ್ ಅವರನ್ನು 'ರಾಕಬಿಲಿಯ ರಾಣಿ' ಎಂದು ಕರೆಯುವುದು ವಾಡಿಕೆ (ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಅಂಡ್ ರೋಲ್‌ನ ವೇಗ ಬೆರೆತ ಬಗೆಯೇ ರಾಕಬಿಲಿ). ಆದರೆ 1954ರಿಂದ 1962ರವರೆಗಿನ ಅವರ ಧ್ವನಿಮುದ್ರಣಗಳನ್ನು ಜೊತೆಯಾಗಿ ಕೇಳಿದವರಿಗೆ, ಆ ಬಿರುದು ಅವರ ಅರ್ಧ ಸಾಧನೆಯನ್ನಷ್ಟೇ ಹೇಳುತ್ತದೆ ಎನ್ನಿಸದಿರದು. ಆ ಅವಧಿಯ ಹಾಡುಗಳನ್ನು ಜರ್ಮನಿಯ ಬೇರ್ ಫ್ಯಾಮಿಲಿ ಸಂಸ್ಥೆ 'ರೈಟ್ ಆರ್ ರಾಂಗ್' ಎಂಬ ನಾಲ್ಕು ಸಿ.ಡಿ.ಗಳ ಸಂಪುಟದಲ್ಲಿ ತಂದಿದೆ. ಈ ಗಾಯಕಿಯನ್ನು ಸರಿಯಾಗಿ ಅರಿಯಬಯಸುವವರು, ರಾಕಬಿಲಿ ಹಾಡುಗಳನ್ನು ಮಾತ್ರ ಆಯ್ದ ಸಂಕಲನಗಳಿಗಿಂತ ಇದನ್ನೇ ಕೇಳುವುದು ಮೇಲು.

1937ರಲ್ಲಿ ಒಕ್ಲಹೋಮಾದ ಮಾಡ್ ಎಂಬ ಊರಿನಲ್ಲಿ ಹುಟ್ಟಿದ ವಾಂಡಾ, ಕಂಟ್ರಿ ಗಾಯಕ ಹ್ಯಾಂಕ್ ಥಾಂಪ್ಸನ್ ಅವರ ಪ್ರೋತ್ಸಾಹದಿಂದ ಶಾಲೆಯಲ್ಲಿ ಓದುತ್ತಿರುವಾಗಲೇ ಡೆಕ್ಕಾ ಎಂಬ ಧ್ವನಿಮುದ್ರಣ ಕಂಪನಿಗೆ ಹಾಡಿದರು. ಗಾಯಕ ಬಿಲ್ಲಿ ಗ್ರೇ ಜೊತೆಗಿನ ಯುಗಳಗೀತೆಯೊಂದು 1954ರಲ್ಲಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಎಂಟನೆಯ ಸ್ಥಾನಕ್ಕೇರಿತು. ಡೆಕ್ಕಾದ ಉಳಿದ ಹಾಡುಗಳು ಅಚ್ಚುಕಟ್ಟಾಗಿವೆ, ಅಷ್ಟೇ. ಜೊತೆಯಾಗಿ ಪ್ರವಾಸ ಮಾಡುತ್ತಿದ್ದ ದಿನಗಳಲ್ಲಿ ಎಲ್ವಿಸ್ ಪ್ರೀಸ್ಲಿ ಅವರು ರಾಕಬಿಲಿ ಎಂಬ ಹೊಸ ಬಗೆಯ ಸಂಗೀತವನ್ನು ಹಾಡುವಂತೆ ಹುರಿದುಂಬಿಸಿದ ಮೇಲೆ, 1956ರಲ್ಲಿ ಕ್ಯಾಪಿಟಲ್ ಕಂಪನಿಯಿಂದ ಬಂದ 'ಐ ಗಾಟ್ಟಾ ನೋ' ಹಾಡಿನಲ್ಲಿ ಅವರ ಪ್ರತಿಭೆ ಪೂರ್ಣವಾಗಿ ಹೊರಹೊಮ್ಮಿತು. ನಿಧಾನಗತಿಯ ಕಂಟ್ರಿಯಾಗಿ ಆರಂಭವಾಗುವ ಆ ಹಾಡು ಇದ್ದಕ್ಕಿದ್ದಂತೆ ರಾಕಬಿಲಿಯ ವೇಗಕ್ಕೆ ಹಾರಿ, ಮತ್ತೆ ಹಳೆಯ ನಡೆಗೆ ಮರಳುತ್ತದೆ. ನಿಧಾನದ ಸಾಲುಗಳಲ್ಲಿ ಪದಗಳನ್ನು ನೀಳವಾಗಿ ಎಳೆಯುವ ಅದೇ ಕಂಠ, ವೇಗದ ಸಾಲುಗಳಲ್ಲಿ ಅವನ್ನು ಕಡಿದು ಕಡಿದು ಒಗೆಯುತ್ತದೆ. ಎಲ್ಲಿಯೂ ಶ್ರುತಿ ಕದಲುವುದಿಲ್ಲ. ಗಂಟಲನ್ನು ಉಜ್ಜಿ ಹೊರಡಿಸುವ ಅವರ ಗುರುಗುಟ್ಟುವಿಕೆ ಕೇವಲ ಆವೇಶವಲ್ಲ, ಎಲ್ಲಿ ಬೇಕೋ ಅಲ್ಲಿ ಮಾತ್ರ ಬಳಸುವ ಅಲಂಕಾರ.

ಈ ಹಿಡಿತದ ಉತ್ತುಂಗ 'ಲೆಟ್ಸ್ ಹ್ಯಾವ್ ಎ ಪಾರ್ಟಿ'. ಎಲ್ವಿಸ್ 1957ರಲ್ಲೇ ಹಾಡಿದ್ದ ಈ ಗೀತೆಯನ್ನು ವಾಂಡಾ 1958ರಲ್ಲಿ ಧ್ವನಿಮುದ್ರಿಸಿದರು. ಬಿಗ್ ಆಲ್ ಡೌನಿಂಗ್ ಅವರ ಪಿಯಾನೊ ಅದಕ್ಕೆ ಕೊಟ್ಟ ನೂಕುಬಲ ಅಸಾಧಾರಣವಾದುದು. ಅಯೋವಾದ ರೇಡಿಯೊ ನಿರೂಪಕರೊಬ್ಬರು ಮತ್ತೆ ಮತ್ತೆ ಪ್ರಸಾರ ಮಾಡಿದ್ದರಿಂದ 1960ರಲ್ಲಿ ಬಿಡಿ ತಟ್ಟೆಯಾಗಿ ಬಿಡುಗಡೆಗೊಂಡು, ಅಮೆರಿಕದ ಪಾಪ್ ಪಟ್ಟಿಯಲ್ಲಿ 37ನೆಯ ಸ್ಥಾನ ಪಡೆಯಿತು. ನನ್ನ ಮಟ್ಟಿಗೆ ವಾಂಡಾ ಅವರದೇ ಉತ್ತಮ ಆವೃತ್ತಿ.

'ಫುಜಿಯಾಮಾ ಮಾಮಾ'ದ ಬಗ್ಗೆ ಇಷ್ಟು ನಿಸ್ಸಂಕೋಚವಾಗಿ ಹೇಳಲಾರೆ. ಗಾಯನ ಬೆರಗುಗೊಳಿಸುವಂಥದ್ದೇ ಆದರೂ, ಹಿರೋಷಿಮಾ, ನಾಗಾಸಾಕಿಗಳನ್ನು ಉಪಮಾನವಾಗಿ ಎಳೆದು ತರುವ ಸಾಹಿತ್ಯ ಇಂದಿಗೂ ಮನಸ್ಸನ್ನು ಕಲಕುತ್ತದೆ. ಸ್ವದೇಶದಲ್ಲಿ ಸೋತ ಈ ಹಾಡು ಜಪಾನಿನಲ್ಲೇ ಜನಪ್ರಿಯವಾಗಿ, 1959ರಲ್ಲಿ ಅವರನ್ನು ಅಲ್ಲಿಗೆ ಕರೆಸಿಕೊಂಡಿತೆಂಬುದು ಇತಿಹಾಸ.

ಇವೆಲ್ಲವನ್ನೂ ಕೇಳಿದ ಬಳಿಕ 1961ರ 'ರೈಟ್ ಆರ್ ರಾಂಗ್' ಹಾಡಿಗೆ ಬರಬೇಕು. ವಾಂಡಾ ಅವರೇ ಬರೆದ ಈ ಕಂಟ್ರಿ ಗೀತೆಯಲ್ಲಿ ಆರ್ಭಟದ ಸುಳಿವೂ ಇಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ದನಿಯನ್ನು ತುಸುವೇ ತಗ್ಗಿಸಿ, ನೋವನ್ನು ಹಿಡಿದಿಟ್ಟುಕೊಳ್ಳುವ ಪರಿ ಅನುಪಮ. 2011ರಲ್ಲಿ ರಾಕ್ ಸಂಗೀತಗಾರ ಜ್ಯಾಕ್ ವೈಟ್ ನಿರ್ಮಿಸಿದ ಆಲ್ಬಮ್ ಅವರಿಗೆ ಹೊಸ ಪೀಳಿಗೆಯ ಕೇಳುಗರನ್ನು ತಂದುಕೊಟ್ಟಿತಾದರೂ, ಅಲ್ಲಿ ಕಹಳೆ ವಾದ್ಯಗಳ ಅಬ್ಬರ ಕಂಠದ ಈ ಸೂಕ್ಷ್ಮಗಳನ್ನೇ ಮುಚ್ಚಿಬಿಡುತ್ತದೆ. ಮೊದಲ ಬಾರಿಗೆ ಕೇಳುವವರು ಅಲ್ಲಿಂದ ಆರಂಭಿಸುವುದು ಬೇಡ.