ಲಿಂಫೋಮಾ ಫಾಲೋಅಪ್ ಪ್ಯಾಕೇಜ್ ಅಂತ ಫೋನ್ ಬಂದ್ರೆ ಒಂದು ರೂಪಾಯಿನೂ ಕಟ್ಟಬೇಡಿ

ಕೀಮೋ ಮುಗಿದು ರೆಮಿಷನ್‌ನಲ್ಲಿರೋ (ರೋಗದ ಗುರುತು ಕಾಣದ ಹಂತದಲ್ಲಿರೋ) ಲಿಂಫೋಮಾ, ಅಂದ್ರೆ ಲಿಂಫ್ ಗ್ರಂಥಿಗಳ ಕ್ಯಾನ್ಸರ್, ರೋಗಿಗಳ ಮನೆಯವರು ಇದನ್ನ ಓದಲೇಬೇಕು. ಬೆಂಗಳೂರಿನ ಒಂದು ಸ್ಕ್ಯಾನ್ ಸೆಂಟರ್‌ನವರು ‘ಸರ್ವೈವರ್ ಪ್ಯಾಕೇಜ್’ ಅಂತ ಮಾರ್ತಾ ಇದ್ದಾರೆ. ಒಂದು ಪೆಟ್-ಸಿಟಿ (ಸಕ್ಕರೆ ಹೆಚ್ಚು ಹೀರೋ ಜಾಗ ಹೊಳೆಯೋ ಹಾಗೆ ತೋರಿಸೋ ಸ್ಕ್ಯಾನ್), ಒಂದು ‘ಫುಲ್ ಕ್ಯಾನ್ಸರ್ ಮಾರ್ಕರ್ ಪ್ಯಾನೆಲ್’, ಜೊತೆಗೆ ವರ್ಷವಿಡೀ ವಾಟ್ಸಾಪ್‌ನಲ್ಲಿ ‘ಲೇಟೆಸ್ಟ್ ಮೆಡಿಕಲ್ ನ್ಯೂಸ್’. ನಮ್ಮ ನಂಬರ್ ಎಲ್ಲಿಂದ ಸಿಕ್ಕಿತು ಅಂತ ಇವತ್ತಿಗೂ ಬಾಯಿಬಿಟ್ಟಿಲ್ಲ.

ಅಪ್ಪನಿಗೆ ಡಿಎಲ್‌ಬಿಸಿಎಲ್, ಬಿ-ಸೆಲ್ ಅನ್ನೋ ಬಿಳಿ ರಕ್ತಕಣದಲ್ಲಿ ಹುಟ್ಟೋ ಒಂದು ಬಗೆಯ ಲಿಂಫೋಮಾ. ಆರ್-ಚಾಪ್ ಅನ್ನೋ ಕೀಮೋ 6 ಸೈಕಲ್ ಆಗಿ, ಮುಗಿದ ಮೇಲಿನ ಪೆಟ್‌ನಲ್ಲಿ ಡೋವಿಲ್ ಸ್ಕೋರ್ (ಪೆಟ್‌ನಲ್ಲಿ ಉಳಿದ ಹೊಳಪಿಗೆ 1ರಿಂದ 5ರವರೆಗೆ ಕೊಡೋ ಅಂಕ) 2. ಅಂದ್ರೆ ಕಂಪ್ಲೀಟ್ ರೆಸ್ಪಾನ್ಸ್. ಅಲ್ಲಿಂದ ಮುಂದೆ ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಆಂಕಾಲಜಿಸ್ಟ್ ಕತ್ತು, ಕಂಕುಳು, ತೊಡೆಸಂದು, ಹೊಟ್ಟೆ ಮುಟ್ಟಿ ನೋಡ್ತಾರೆ. ಸಿಬಿಸಿ (ರಕ್ತಕಣಗಳ ಲೆಕ್ಕ), ಎಲ್‌ಡಿಎಚ್ (ಲಿಂಫೋಮಾದಲ್ಲಿ ಏರಬಹುದಾದ ರಕ್ತದ ಕಿಣ್ವ) ಮಾಡಿಸ್ತಾರೆ. ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಇದೆಯಾ ಅಂತ ಕೇಳ್ತಾರೆ. ಸ್ಕ್ಯಾನ್ ಸೆಂಟರ್‌ನಿಂದ ಫೋನ್ ಮಾಡಿದ ಮೇಡಂ ಹೇಳಿದ್ದು ಏನು ಗೊತ್ತಾ? “ಆರು ತಿಂಗಳಿಗೊಮ್ಮೆ ಪೆಟ್ ಕಂಪಲ್ಸರಿ ಸರ್, ಇಂಟರ್‌ನ್ಯಾಷನಲ್ ಗೈಡ್‌ಲೈನ್.”

ಶುದ್ಧ ಸುಳ್ಳು. 2014ರ ಲುಗಾನೊ ಮಾರ್ಗಸೂಚಿ (ಲಿಂಫೋಮಾ ತಜ್ಞರ ಅಂತರರಾಷ್ಟ್ರೀಯ ಒಮ್ಮತ) ಹೇಳೋದು ಇದಕ್ಕೆ ಪೂರ್ತಿ ಉಲ್ಟಾ: ಪೂರ್ಣ ಗುಣ ಕಂಡ ಡಿಎಲ್‌ಬಿಸಿಎಲ್, ಹಾಡ್ಜ್‌ಕಿನ್ (ಇನ್ನೊಂದು ಬಗೆಯ ಲಿಂಫೋಮಾ) ರೋಗಿಗಳಿಗೆ ಲಕ್ಷಣ ಇಲ್ಲದೆ ಸುಮ್ಮನೆ ಸ್ಕ್ಯಾನ್ ಮಾಡಿಸ್ತಾ ಹೋಗಬೇಡಿ ಅಂತ. ಕಾರಣ ಸರಳ. ಪೆಟ್‌ನಲ್ಲಿ ಹೊಳೆಯೋದು ಕ್ಯಾನ್ಸರ್ ಒಂದೇ ಅಲ್ಲ. ಸೋಂಕು, ಗಾಯ, ಲಸಿಕೆ, ಚಳಿಗೆ ಕತ್ತಿನ ಬ್ರೌನ್ ಫ್ಯಾಟ್ (ಮೈ ಬೆಚ್ಚಗಿಡೋ ಕೊಬ್ಬು), ಮೆಟ್‌ಫಾರ್ಮಿನ್ (ಶುಗರ್ ಮಾತ್ರೆ) ತಗೊಳ್ಳೋರ ಕರುಳು, ಎಲ್ಲಾ ಹೊಳೆಯುತ್ತೆ.

ಆದ್ರೂ ನಾವು ಆ ಪ್ಯಾಕೇಜ್‌ಗೆ ದುಡ್ಡು ಕಟ್ಟಿಬಿಟ್ವಿ. ಆ ಮಾರ್ಕರ್ ಪ್ಯಾನೆಲ್ ಬಿಲ್ ನೋಡಿದ್ರೆ ಮೈ ಉರಿಯುತ್ತೆ. ಸಿಇಎ, ಸಿಎ 19-9, ಎಎಫ್‌ಪಿ, ಪಿಎಸ್‌ಎ! ಬೇರೆ ಕ್ಯಾನ್ಸರ್‌ಗಳಿಗೆ ನೋಡೋ ರಕ್ತಪರೀಕ್ಷೆಗಳು, ಲಿಂಫೋಮಾ ಫಾಲೋಅಪ್‌ಗೆ ಇವು ಯಾವುದೂ ಬೇಕಿಲ್ಲ. ಬೇಕಾಗಿದ್ದ ಎಲ್‌ಡಿಎಚ್ ಪಟ್ಟಿಯಲ್ಲೇ ಇಲ್ಲ. ಕೇಳಿದ್ರೆ “ಅದು ಆಡ್-ಆನ್ ಸರ್.”

ಇನ್ನು ಸ್ಕ್ಯಾನ್. ಖಾಲಿ ಹೊಟ್ಟೆ ಅಂದ್ರು, ಶುಗರ್ ನೋಡಿದ್ರು, ಅಷ್ಟಕ್ಕೆ ಸರಿ. ಹಿಂದಿನ ವಾರ ಎಡಗೈಗೆ ಫ್ಲೂ ಇಂಜೆಕ್ಷನ್ ಆಗಿತ್ತು, ಅದನ್ನ ಒಬ್ಬರೂ ಕೇಳಲಿಲ್ಲ. ಫಾರ್ಮ್‌ನಲ್ಲಿ ಆ ಕಾಲಮ್ಮೇ ಇಲ್ಲ. ಎಫ್‌ಡಿಜಿ (ಪೆಟ್‌ಗೆ ಕೊಡೋ ವಿಕಿರಣ ಬೆರೆತ ಸಕ್ಕರೆ ಇಂಜೆಕ್ಷನ್) ಕೊಟ್ಟು ಸುಮಾರು 60 ನಿಮಿಷಕ್ಕೆ ಸ್ಕ್ಯಾನ್ ಆಗಬೇಕು. ಹಳೇ ಸ್ಕ್ಯಾನ್ ಜೊತೆ ಹೋಲಿಸೋದಾದ್ರೆ ಎರಡರಲ್ಲೂ ಈ ಸಮಯ ಹೆಚ್ಚುಕಡಿಮೆ ಒಂದೇ ಇರಬೇಕು, ಇಲ್ಲದಿದ್ರೆ ಎಸ್‌ಯುವಿ (ಎಷ್ಟು ಹೊಳೆಯುತ್ತೆ ಅನ್ನೋ ಅಳತೆ) ನಂಬರ್‌ಗೆ ಅರ್ಥ ಇಲ್ಲ. ಇವರು ಮಷಿನ್ ಖಾಲಿ ಇಲ್ಲ ಅಂತ ಎರಡು ಗಂಟೆ ಹತ್ತಿರ ಕೂರಿಸಿದ್ರು.

ರಿಪೋರ್ಟ್: “ಎಡ ಕಂಕುಳಲ್ಲಿ 9 ಮಿ.ಮೀ. ಗಂಟು, ಎಸ್‌ಯುವಿ ಮ್ಯಾಕ್ಸ್ 3.4, ರಿಕರೆನ್ಸ್ ತಳ್ಳಿಹಾಕಲಾಗದು.” ಡೋವಿಲ್ ಸ್ಕೋರ್ ಎಲ್ಲಿ? ಇಲ್ಲ. ಎಷ್ಟು ನಿಮಿಷಕ್ಕೆ ಸ್ಕ್ಯಾನ್ ಆಯ್ತು? ಬರೆದಿಲ್ಲ. ಹಳೇ ಸ್ಕ್ಯಾನ್ ಜೊತೆ ಹೋಲಿಕೆ? ಕೌಂಟರ್‌ನಲ್ಲಿ ಹಳೇ ಸಿಡಿ ಕೊಟ್ಟಿದ್ವಿ. ಬ್ರೌನ್ ಕವರ್, ಬಾಯಿಗೆ ಎರಡು ಸ್ಟೇಪಲ್ ಪಿನ್. ವಾಪಸ್ ಬಂದಾಗ ಎರಡೂ ಪಿನ್ ಹಾಗೇ ಇದ್ವು. ಕವರ್ ತೆರೆದೇ ಇಲ್ಲ! ರಿಪೋರ್ಟ್‌ನಲ್ಲಿ ಮಾತ್ರ “ಹಿಂದಿನ ಸ್ಕ್ಯಾನ್ ಪರಿಶೀಲಿಸಲಾಗಿದೆ.” ಆ ಪಿನ್ ನೋಡಿದಾಗಲೇ ಗೊತ್ತಾಗಿದ್ದು, ಎಂಥವರ ಕೈಗೆ ದುಡ್ಡು ಕೊಟ್ವಿ ಅಂತ. ಹೇಳಿಕೊಳ್ಳೋಕೂ ನಾಚಿಕೆ.

ಅವತ್ತು ಸಂಜೆಯೇ ಫೋನ್. ನಮ್ಮ ಡಾಕ್ಟರ್ ರಿಪೋರ್ಟ್ ನೋಡೋಕೆ ಮುಂಚೆ! “ಕಾರ್-ಟಿ ಸ್ಲಾಟ್ ಬೇಗ ತುಂಬುತ್ತೆ ಸರ್, 25 ಸಾವಿರ ರಿಜಿಸ್ಟ್ರೇಷನ್, ರಿಫಂಡಬಲ್.” ಕಾರ್-ಟಿ ಅಂದ್ರೆ ರೋಗಿಯದೇ ರೋಗನಿರೋಧಕ ಕಣಗಳನ್ನ ಬದಲಾಯಿಸಿ ಕೊಡೋ ಚಿಕಿತ್ಸೆ. ಬೆನ್ನಿಗೇ ಒಂದು ಸುದ್ದಿ ಫಾರ್ವರ್ಡ್. ಸುದ್ದಿ ಸುಳ್ಳಲ್ಲ, ಅದೇ ಇಲ್ಲಿರೋ ಮೋಸ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಅನ್ನೋ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ. ಆದರೆ ಅದು ಚಿಕಿತ್ಸೆಗೆ ಬಗ್ಗದ, ಅಥವಾ ಮರಳಿ ಬಂದ ಬಿ-ಸೆಲ್ ಕ್ಯಾನ್ಸರ್‌ಗೆ. ಮರಳಿ ಬಂದಿದೆ ಅನ್ನೋಕೆ ಬಯಾಪ್ಸಿ ಬೇಕು. ಆಮೇಲೆ ರಕ್ತದಿಂದ ಟಿ-ಸೆಲ್ ಬೇರ್ಪಡಿಸಿ, ಲ್ಯಾಬ್‌ನಲ್ಲಿ ಬದಲಾಯಿಸಿ, ಮತ್ತೆ ಕೀಮೋ ಕೊಟ್ಟು ಒಳಗೆ ಬಿಡೋ ಕೆಲಸ, ಅದೂ ಅಡ್ಮಿಟ್ ಮಾಡ್ಕೊಂಡು. ಸ್ಕ್ಯಾನ್ ಸೆಂಟರ್ ಕೌಂಟರ್‌ನಲ್ಲಿ ಸಿನಿಮಾ ಟಿಕೆಟ್ ಥರ ಬುಕ್ ಮಾಡೋ ವಸ್ತುನಾ ಅದು?

ಬಯಾಪ್ಸಿ ಆಗಿಲ್ವಲ್ಲ ಅಂದ್ರೆ “ಪ್ರಿಕಾಷನರಿ ಸ್ಲಾಟ್ ಸರ್.” ಫ್ಲೂ ಇಂಜೆಕ್ಷನ್ ಆಗಿತ್ತು ಅಂದ್ರೆ “ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸರ್.” ರೇಡಿಯಾಲಜಿಸ್ಟ್ ಜೊತೆ ಮಾತಾಡಬೇಕು ಅಂದ್ರೆ “ಪೇಷಂಟ್ ಜೊತೆ ಮಾತಾಡಲ್ಲ ಸರ್.” ಚಿತ್ರಗಳ ಸಿಡಿ ಕೊಡಿ ಅಂದ್ರೆ “ಪ್ಯಾಕೇಜ್‌ನಲ್ಲಿ ಫಿಲ್ಮ್ ಮಾತ್ರ ಸರ್.” ಕೊನೆಗೆ ನಾವೇ ಅಪ್ಪನ ಜೀವದ ಮೇಲೆ ಕಾಳಜಿ ಇಲ್ಲದೋರು ಅನ್ನೋ ಹಾಗೆ “ಆಮೇಲೆ ಏನಾದ್ರೂ ಆದ್ರೆ ನಮ್ಮನ್ನ ಕೇಳಬೇಡಿ.” ಈ ಮಾತು ಮಾತ್ರ ಮರೆಯಲ್ಲ.

ಆಂಕಾಲಜಿಸ್ಟ್ ಮುಟ್ಟಿ ನೋಡಿದ್ರು, ಎಲ್‌ಡಿಎಚ್ ಮಾಡಿಸಿದ್ರು, ನಾರ್ಮಲ್. ಲಸಿಕೆ ಹಾಕಿದ ಕೈಯ ಕಂಕುಳ ಗಂಟು ಕೆಲವು ವಾರ ಹೊಳೆಯಬಹುದು ಅಂದ್ರು. ಆಮೇಲಿನ ಅಲ್ಟ್ರಾಸೌಂಡ್‌ನಲ್ಲಿ ಗಂಟು ಕುಗ್ಗಿತ್ತು. ನಡುವೆ ಅಪ್ಪ ಊಟ ಬಿಟ್ಟಿದ್ದಕ್ಕೆ, ನಿದ್ದೆ ಕೆಟ್ಟಿದ್ದಕ್ಕೆ ಯಾರು ರಿಫಂಡ್ ಕೊಡ್ತಾರೆ?

ಸ್ಕ್ಯಾನ್ ಬೇಕೋ ಬೇಡವೋ ಅಂತ ಚಿಕಿತ್ಸೆ ಕೊಟ್ಟ ಡಾಕ್ಟರ್ ಬರೆದುಕೊಡಲಿ, ಟೆಲಿಕಾಲರ್ ಅಲ್ಲ. ಮಾಡಿಸಿದ್ರೆ ಡೈಕಾಮ್ ಸಿಡಿ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರಗಳು) ಕೈಗೆ ಬರೋವರೆಗೂ ಕೌಂಟರ್ ಬಿಡಬೇಡಿ, ಫಿಲ್ಮ್ ಇಟ್ಕೊಂಡು ಯಾರೂ ಸರಿಯಾಗಿ ಹೋಲಿಸೋಕಾಗಲ್ಲ. ಹೊಸ ಔಷಧಿ ಸುದ್ದಿ ಬಂದ್ರೆ ಮೂರೇ ಪ್ರಶ್ನೆ: ಯಾವ ಬಗೆಯ ಲಿಂಫೋಮಾಕ್ಕೆ, ಎಷ್ಟನೇ ಸುತ್ತಿನ ಚಿಕಿತ್ಸೆಗೆ, ಒಪ್ಪಿಗೆ ಎಲ್ಲಿ ಸಿಕ್ಕಿದೆ? ಗ್ಲೋಫಿಟಮ್ಯಾಬ್, ಎಪ್ಕೊರಿಟಮ್ಯಾಬ್ ಅನ್ನೋ ಲಿಂಫೋಮಾ ಔಷಧಿಗಳ ಹೆಸರಲ್ಲೂ ಇವರ ಫಾರ್ವರ್ಡ್ ಬಂತು. 2023ರಲ್ಲಿ ಅಮೆರಿಕದಲ್ಲಿ ಅವಕ್ಕೆ ಒಪ್ಪಿಗೆ ಸಿಕ್ಕಿದ್ದು ಎರಡು ಅಥವಾ ಹೆಚ್ಚು ಸುತ್ತಿನ ಚಿಕಿತ್ಸೆ ಆಗಿಯೂ ರೋಗ ಉಳಿದ ಅಥವಾ ಮರಳಿ ಬಂದವರಿಗೆ. ಟ್ರಯಲ್ ಅಂತ ಯಾರಾದ್ರೂ ಅಂದ್ರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ) ನಂಬರ್ ಕೇಳಿ. ತಡವರಿಸಿದ್ರೆ ಫೋನ್ ಇಡಿ.

ದುಡ್ಡು ಕಳ್ಕೊಂಡಿದ್ರೆ ಬಿಲ್, ರಿಪೋರ್ಟ್, ವಾಟ್ಸಾಪ್ ಮೆಸೇಜ್ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಅಡಿ ಜಿಲ್ಲಾ ಪ್ರಾಧಿಕಾರಕ್ಕೂ ಬರೆಯಿರಿ. ನಾವು ಎರಡೂ ಕಡೆ ಕೊಟ್ಟಿದ್ದೀವಿ. ದೂರು ಹೋದ ಮೇಲೆ ಅವರ ಕಡೆಯಿಂದ ಬಂದಿದ್ದು ಒಂದೇ ಮೆಸೇಜ್: ಮುಂದಿನ ಪ್ಯಾಕೇಜ್ ಮೇಲೆ ಡಿಸ್ಕೌಂಟ್ ಕೂಪನ್.